ಹುರಿದುಂಬಿಸುವ ಮಾತು: ಮಾಡಬೇಕಾದ್ದು, ಮಾಡಬಾರದ್ದು

ಚೆನ್ನೈನ ಎಗ್ಮೋರಿನ ಈ ಕೋಣೆಯಲ್ಲಿ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಎಲ್ಲರಿಗೂ ಈ ಸೂಚನೆ. ನಿನ್ನೆ ಸೇರಿದವರಿಗೂ ಹತ್ತು ವರ್ಷದಿಂದ ಇರುವವರಿಗೂ, ಹೊಸೂರಿನವರಿಗೂ ತಾಳವಾಡಿಯವರಿಗೂ ಕಾಸರಗೋಡಿನವರಿಗೂ ಒಂದೇ. ಪೂರ್ತಿ ಓದಿ. ಗೋಡೆಯಿಂದ ಕೀಳಬೇಡಿ.

ನಮ್ಮ ಮೇಜಿಗೆ ಬರುವುದು ಕತೆ, ಕಾದಂಬರಿಯಲ್ಲ. ಗಾರ್ಮೆಂಟ್ಸಿನ ತರಬೇತಿ ಪುಸ್ತಿಕೆ, ಬ್ಯಾಂಕಿನ ಪತ್ರ, ಮಕ್ಕಳು ಪರೀಕ್ಷೆಗೆ ಓದುವ ಆ್ಯಪ್, ಆಟದ ವರದಿ, ಆಸ್ಪತ್ರೆಯ ಕರಪತ್ರ. ಇವೆಲ್ಲ ಯಾರಿಂದಲೋ ಏನನ್ನೋ ಮಾಡಿಸಲೆಂದೇ ಹುಟ್ಟಿದ ಬರಹಗಳು. ಹಾಗಾಗಿ ಹುರಿದುಂಬಿಸುವ, ಬೆನ್ನು ತಟ್ಟುವ, ತಿವಿಯುವ ಇಂಗ್ಲಿಷ್ ನುಡಿಗಟ್ಟುಗಳು ಪುಟಪುಟದಲ್ಲೂ ಸಿಗುತ್ತವೆ. ಬೇರೆ ಕಡೆ ತಪ್ಪಿದರೆ ಒಂದು ವಾಕ್ಯ ಕೆಡುತ್ತದೆ. ಇಲ್ಲಿ ತಪ್ಪಿದರೆ ಓದಿದವರು ಅದನ್ನು ನಂಬಿ ಇನ್ನೊಬ್ಬರ ಮೇಲೆ ಪ್ರಯೋಗಿಸುತ್ತಾರೆ.

ಮಾಡಬಾರದ್ದು, ಎಲ್ಲಕ್ಕಿಂತ ಮೊದಲು

ಇಂಗ್ಲಿಷಿನ ನುಡಿಗಟ್ಟು ಕಂಡ ಕೂಡಲೇ ಅದಕ್ಕೊಂದು ಕನ್ನಡದ ನುಡಿಗಟ್ಟನ್ನು ತಂದು ಅಂಟಿಸಕೂಡದು. ಪದಕ್ಕೆ ಪದ ಇಡಬಾರದೆಂಬುದು ನಿಮಗೆಲ್ಲ ಗೊತ್ತೇ ಇದೆ. ನಾನು ಹೇಳುತ್ತಿರುವುದು ಅದಕ್ಕಿಂತ ಮುಂದಿನ ಮಾತು. ಅಚ್ಚಗನ್ನಡವಾಗಿದ್ದೂ ತಪ್ಪಾಗಿರಬಹುದು.

ಕೆಲವು ವರ್ಷಗಳ ಹಿಂದೆ ಗಾರ್ಮೆಂಟ್ಸ್ ಲೈನ್ ಸೂಪರ್‌ವೈಸರುಗಳಿಗೆಂದು ಒಂದು ಪುಸ್ತಿಕೆ ಬಂತು. ಅದರಲ್ಲಿ 'ಲೈಟ್ ಎ ಫೈರ್ ಅಂಡರ್ ಯುವರ್ ಟೀಮ್' ಎಂದಿತ್ತು. ತಂಡದ ಅಡಿಗೆ ಬೆಂಕಿ ಹಚ್ಚಿ ಎಂದು ಬರೆಯುವಷ್ಟು ಹೊಸಬಳಾಗಿರಲಿಲ್ಲ ನಾನು. ಒಳ್ಳೆಯ ಕನ್ನಡವೇ ಸಿಕ್ಕಿತು ಎಂದುಕೊಂಡು 'ನಿಮ್ಮ ತಂಡಕ್ಕೆ ಬಿಸಿ ಮುಟ್ಟಿಸಿ' ಎಂದು ಬರೆದೆ. ಯಾರೂ ತಕರಾರು ಮಾಡಲಿಲ್ಲ, ಅಚ್ಚಾಗಿ ಹೋಯಿತು. ಆಮೇಲೊಮ್ಮೆ ಊರಿಗೆ ಹೋದಾಗ ಪಕ್ಕದ ಮನೆಯ ಹುಡುಗಿ ಅದೇ ಪುಸ್ತಿಕೆ ಹಿಡಿದುಕೊಂಡು ಬಂದಳು. ಶರ್ಟಿಗೆ ಕಾಲರ್ ಹೊಲಿಯುವವಳು. ಸೂಜಿ ಹೊಕ್ಕ ತೋರುಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡಿದ್ದಳು. ಆ ಬೆರಳನ್ನೇ ನನ್ನ ಸಾಲಿನ ಮೇಲಿಟ್ಟು ಕೇಳಿದಳು: "ಅಕ್ಕಾ, ಬಿಸಿ ಮುಟ್ಟಿಸಿ ಅಂದ್ರೆ ಬೈಯಿರಿ ಅಂತ ತಾನೆ? ಮೊದ್ಲೇ ಪೀಸ್ ಕಮ್ಮಿ ಆದ್ರೆ ಲೈನಿಗೆಲ್ಲಾ ಕೇಳೋ ಹಂಗೆ ಬೈತಾರೆ. ಈಗ ಬುಕ್ಕಲ್ಲೂ ಹಂಗೇ ಬರ್ದಿದೀರಾ?"

ಅವಳು ಹೇಳಿದ್ದೇ ಸರಿ. ಬಾಕಿ ಉಳಿಸಿಕೊಂಡವರಿಗೆ ಅಧಿಕಾರಿಗಳು ಬಿಸಿ ಮುಟ್ಟಿಸುತ್ತಾರೆ, ಒತ್ತುವರಿದಾರರಿಗೆ ತಹಶೀಲ್ದಾರರು ಬಿಸಿ ಮುಟ್ಟಿಸುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ ಆ ಮಾತಿನ ಜಾಗ ಅದು. ಅಲ್ಲಿ ಹುರುಪಿಲ್ಲ, ಅಂಜಿಕೆ ಇದೆ. ಆ ಸಾಲು 'ನಿಮ್ಮ ಲೈನಿನವರಲ್ಲಿ ಹುರುಪು ತುಂಬಿ' ಎಂದಾಗಬೇಕಿತ್ತು. ಇನ್ನೂ ಮೇಲೆಂದರೆ, ಹುರುಪು ತುಂಬಲು ಸೂಪರ್‌ವೈಸರ್ ಏನು ಮಾಡಬೇಕೋ ಅದನ್ನೇ ಬಿಡಿಸಿ ಹೇಳಬೇಕಿತ್ತು. ಅಚ್ಚಾದದ್ದನ್ನು ವಾಪಸು ತರಿಸಲು ನನ್ನಿಂದಾಗಲಿಲ್ಲ. ಈ ಸೂಚನೆಯನ್ನು ಬರೆದು ಹಾಕಿದ್ದು ಆ ಬೆರಳಿಗಾಗಿ.

ಮಾಡಬೇಕಾದ್ದು

ಹೇಳುವವರ ಕೈ ಎಲ್ಲಿದೆ ಎಂದು ನೋಡಿ. ಕೇಳುವವರ ಬೆನ್ನ ಮೇಲಿದೆಯೋ, ಚಾಟಿಯ ಮೇಲಿದೆಯೋ, ಅವರು ಎಳೆಯುತ್ತಿರುವ ಹಗ್ಗದ ಮೇಲೇ ಇದೆಯೋ? ಇದು ತಿಳಿಯುವ ತನಕ ಒಂದಕ್ಷರವನ್ನೂ ಟೈಪ್ ಮಾಡಬೇಡಿ. ಮೂಲದ ವಾಕ್ಯದಿಂದ ತಿಳಿಯದಿದ್ದರೆ ಕೆಲಸ ಕಳಿಸಿದವರಿಗೆ ಫೋನ್ ಮಾಡಿ ಕೇಳಿ. ಕೇಳಿದ್ದಕ್ಕೆ ಯಾರೂ ನಿಮ್ಮನ್ನು ಇಲ್ಲಿಂದ ಕಳಿಸುವುದಿಲ್ಲ.

ಇಂಗ್ಲಿಷಿನ ಈ ಮಾತುಗಳಲ್ಲಿ ಬಹಳಷ್ಟು ಪ್ರಾಣಿಗಳನ್ನು ಓಡಿಸುವ ಕಸುಬಿನಿಂದ ಬಂದವು. 'ಸ್ಪರ್' ಕುದುರೆ ಸವಾರನ ಹಿಮ್ಮಡಿಗೆ ಕಟ್ಟಿದ ಕಬ್ಬಿಣದ ಮುಳ್ಳು. 'ಗೋಡ್' ಎತ್ತನ್ನು ತಿವಿಯುವ ಮೊನೆಗೋಲು, ನಮ್ಮ ಬಾರುಕೋಲಿನ ಸಂಬಂಧಿ. 'ಕ್ರ್ಯಾಕ್ ದಿ ವಿಪ್' ಎಂದರೆ ಚಾಟಿಯ ಚಟೀರ್ ಸದ್ದು. ಹಾಗೆಂದು ಇಂಗ್ಲಿಷ್ ಒರಟು, ಕನ್ನಡ ಮೆದು ಎಂದು ಯಾರೂ ಹೇಳಿಕೊಂಡು ತಿರುಗಬೇಡಿ. 'ಪ್ಯಾಟ್ ಆನ್ ದಿ ಬ್ಯಾಕ್' ನಮ್ಮ 'ಬೆನ್ನು ತಟ್ಟು'ವಿನ ಹಾಗೇ ಇದೆ, ಅದನ್ನು ಕಣ್ಣುಮುಚ್ಚಿ ಬಳಸಿ. 'ಎನ್‌ಕರೇಜ್' ಎಂಬ ಪದದ ಒಳಗೂ ಹಳೆಯ ಫ್ರೆಂಚಿನಿಂದ ಬಂದ ಹೃದಯವಿದೆ. ಎದೆಗುಂದಿದವರಿಗೆ ಎದೆ ತುಂಬುವುದು ಎರಡು ಭಾಷೆಗೂ ಗೊತ್ತು.

'ಎಗ್ ಆನ್' ಎಂಬುದನ್ನು ಬಿಡಿಸಿ ಹೇಳಬೇಕು. ಅದರಲ್ಲಿ ಮೊಟ್ಟೆಯಿಲ್ಲ. ಹಳೆಯ ನಾರ್ಸ್ ಭಾಷೆಯಲ್ಲಿ ಕೆಣಕು, ಹುರಿಗೊಳಿಸು ಎಂಬರ್ಥದ 'ಎಗ್ಯಾ' ಎಂಬ ಪದವಿತ್ತು. ಅಂಚು, ಅಲಗು ಎಂಬುದಕ್ಕೆ ನಂಟಿನ ಪದ ಅದು. ನಾವು ಕೂತಿರುವ ಊರಿನ ಹೆಸರಿನಲ್ಲೂ ಮೊಟ್ಟೆಯಿಲ್ಲ. ಎಳುಂಬೂರ್ ಇಂಗ್ಲಿಷರ ಬಾಯಲ್ಲಿ ಎಗ್ಮೋರ್ ಆಯಿತು. ಸದ್ದು ಕೇಳಿ ಅರ್ಥ ಊಹಿಸಬೇಡಿ ಎಂಬುದಕ್ಕೆ ನಿಮ್ಮ ಬಸ್ಸಿನ ಬೋರ್ಡೇ ಸಾಕ್ಷಿ.

ಆದರೆ 'ಎಗ್ ಆನ್' ಇರುವಲ್ಲಿ 'ಪ್ರೋತ್ಸಾಹ' ಬರೆದರೆ ಅದು ಇನ್ನೂ ದೊಡ್ಡ ತಪ್ಪು. ಇಂಗ್ಲಿಷಿನಲ್ಲಿ ಓದು ಎಂದು ಹುಡುಗನನ್ನು 'ಎನ್‌ಕರೇಜ್' ಮಾಡಬಹುದು, ಕಲ್ಲು ತೂರು ಎಂದೂ ಅದೇ ಕ್ರಿಯಾಪದದಿಂದ 'ಎನ್‌ಕರೇಜ್' ಮಾಡಬಹುದು. ಕನ್ನಡ ಇವೆರಡನ್ನೂ ಬೇರೆಬೇರೆ ಗೂಟಕ್ಕೆ ಕಟ್ಟಿದೆ. ಒಳ್ಳೆಯದಕ್ಕೆ ಪ್ರೋತ್ಸಾಹ, ಉತ್ತೇಜನ, ಬೆಂಬಲ, ಒತ್ತಾಸೆ. ಕೆಟ್ಟದ್ದಕ್ಕೆ ಕುಮ್ಮಕ್ಕು, ಚಿತಾವಣೆ, ಪ್ರಚೋದನೆ. ಅಣ್ಣನ ಮೇಲೆ ತಮ್ಮನನ್ನು ಎತ್ತಿಕಟ್ಟುತ್ತಾರೆ, ಹುರಿದುಂಬಿಸುವುದಿಲ್ಲ. ಒಬ್ಬ ತಾಯಿ ಮಗಳನ್ನು ಓದಿಗೆ ಹುರಿದುಂಬಿಸುತ್ತಾಳೆ, ಕುಮ್ಮಕ್ಕು ಕೊಡುವುದಿಲ್ಲ. ಪೊಲೀಸ್ ಹೇಳಿಕೆ, ಕೋರ್ಟಿನ ಕಾಗದ ಬಂದಾಗ ಈ ಎರಡು ಗೂಟಗಳ ನಡುವೆ ನಿಮ್ಮ ಕೈ ನಡುಗಬೇಕು. ಕುಮ್ಮಕ್ಕು ಎಂದರೆ ಆಪಾದನೆ. ಆಪಾದನೆ ಮಾಡುವುದು ಮೂಲದ ಕೆಲಸ, ನಮ್ಮದಲ್ಲ. ಆಪಾದನೆಯನ್ನು ಮರೆಸುವುದೂ ನಮ್ಮದಲ್ಲ.

ಮಾಡಬಾರದ್ದು: 'ಪ್ರೋತ್ಸಾಹಿಸಲಾಗುತ್ತದೆ'

'ಪ್ರಯಾಣಿಕರು ಮುಂಚಿತವಾಗಿ ಬರುವಂತೆ ಪ್ರೋತ್ಸಾಹಿಸಲಾಗುತ್ತದೆ.' 'ಗ್ರಾಹಕರು ಕಂತನ್ನು ಸಕಾಲದಲ್ಲಿ ಕಟ್ಟುವಂತೆ ಪ್ರೋತ್ಸಾಹಿಸುತ್ತೇವೆ.' ಇಂಥ ವಾಕ್ಯ ಈ ಕೋಣೆಯಿಂದ ಇನ್ನು ಹೊರಗೆ ಹೋಗಕೂಡದು. 'ಮುಂಚೆಯೇ ಬನ್ನಿ.' 'ಕಂತನ್ನು ತಾರೀಖಿನೊಳಗೆ ಕಟ್ಟಿ.' ದಯವಿಟ್ಟು ಎಂಬುದು ಬೇಕಾದರೆ ಸೇರಿಸಿ, ಇಲ್ಲವಾದರೂ ಬನ್ನಿ, ಕಟ್ಟಿ ಎಂಬಲ್ಲಿ ಮರ್ಯಾದೆ ಇದ್ದೇ ಇದೆ. ಕಟ್ಟದಿದ್ದರೆ ದಂಡ ಬೀಳುವುದಾದರೆ ಅದನ್ನೂ ಅಲ್ಲೇ ಬರೆಯಿರಿ. ಆಜ್ಞೆಯನ್ನು ಪ್ರೋತ್ಸಾಹದ ಸೀರೆ ಉಡಿಸಿ ಕಳಿಸಿದರೆ, ಅದನ್ನು ಹಾಗೇ ನಂಬಿ ಮೋಸ ಹೋಗುವುದು ಹಳ್ಳಿಯ ಓದುಗರು.

'ಫೀಲ್ ಫ್ರೀ' ಬಂದರೆ 'ಸಂಕೋಚ ಬೇಡ, ಕೇಳಿ' ಎನ್ನಿ. ಮುಕ್ತವಾಗಿ ಭಾವಿಸಿ ಎಂದು ಬರೆದ ಕಾಗದವನ್ನು ನಾನು ಹರಿದು ಹಾಕಿದ್ದೇನೆ, ಮುಂದೆಯೂ ಹರಿಯುತ್ತೇನೆ.

ಹಾಕಿ ಮೈದಾನದಲ್ಲಿ ಕಲಿತದ್ದು

ಆಟದ ವರದಿ ಬರೆಯುವವರು ಮೇಯರ್ ರಾಧಾಕೃಷ್ಣನ್ ಹಾಕಿ ಸ್ಟೇಡಿಯಮ್ಮಿನಲ್ಲಿ ಒಂದು ಪಂದ್ಯವನ್ನಾದರೂ ಕೂತು ನೋಡಲೇಬೇಕು. ಇದು ಸಲಹೆಯಲ್ಲ, ಕೆಲಸದ ಭಾಗ. ನಮ್ಮ ಕೋಣೆಯಿಂದ ನಡೆದು ಹೋಗುವಷ್ಟೇ ದೂರ.

2023ರ ಆಗಸ್ಟ್ 12ರ ರಾತ್ರಿ ನಾನು ಅಲ್ಲಿ ಗ್ಯಾಲರಿಯಲ್ಲಿದ್ದೆ. ಏಷ್ಯನ್ ಚಾಂಪಿಯನ್ಸ್ ಟ್ರೋಫಿಯ ಫೈನಲ್, ಎದುರು ಮಲೇಷ್ಯಾ. ಅರ್ಧ ಆಟ ಮುಗಿದಾಗ ಭಾರತ 1-3ರಿಂದ ಹಿಂದೆ. ಕ್ರೇಗ್ ಫುಲ್ಟನ್ ಕೋಚ್ ಆಗಿದ್ದ ಕಾಲ. 2011ರಲ್ಲಿ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಜೊತೆಗಿದ್ದ ಪ್ಯಾಡಿ ಅಪ್ಟನ್ ಮನೋಬಲದ ತರಬೇತಿಗೆಂದು ಹಾಕಿ ತಂಡಕ್ಕೂ ಆಗಷ್ಟೇ ಬಂದಿದ್ದರು. ಮೂರನೆಯ ಕ್ವಾರ್ಟರ್ ಮುಗಿಯುವ ಹೊತ್ತಿಗೆ, 45ನೆಯ ನಿಮಿಷದಲ್ಲಿ, ಹರ್ಮನ್‌ಪ್ರೀತ್ ಸಿಂಗ್ ಒಂದು, ಗುರ್ಜಂತ್ ಸಿಂಗ್ ಒಂದು. 3-3. ಆಮೇಲೆ 56ನೆಯ ನಿಮಿಷದಲ್ಲಿ ಆಕಾಶ್‌ದೀಪ್ ಸಿಂಗ್ ಹೊಡೆದ ಗೋಲು. 4-3.

ಮಾರನೆಯ ದಿನ ನಮ್ಮ ಮೇಜಿಗೆ ಬಂದ ಇಂಗ್ಲಿಷ್ ಬರಹದಲ್ಲಿ 'ಪೆಪ್ ಟಾಕ್', 'ಹ್ಯಾಂಗ್ ಇನ್ ದೇರ್', 'ಶಾಟ್ ಇನ್ ದಿ ಆರ್ಮ್' ಎಲ್ಲವೂ ಇದ್ದವು. ನನ್ನ ಕಿವಿಯಲ್ಲಿದ್ದದ್ದು ಬೇರೆ. ಅರ್ಧ ಆಟ ಮುಗಿದು ತಂಡ ಮತ್ತೆ ಇಳಿದಾಗ ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದವರು ಎದ್ದು ನಿಂತರು. ಪಂಚೆ ಎತ್ತಿಕಟ್ಟಿ, ಎರಡೂ ಕೈ ಬಾಯ ಸುತ್ತ ಇಟ್ಟುಕೊಂಡು ಒಂದೇ ಪದ ಕೂಗಿದರು: "ವಿಡಾದೇ!" ಬಿಡಬೇಡ. ತಮಿಳಿನ ವಿಡು ನಮ್ಮ ಬಿಡು, ಒಂದೇ ಬೇರು. ಆಟ ಮುಗಿಯುವ ತನಕ ಅವರು ಕೂರಲಿಲ್ಲ, ಪದವನ್ನೂ ಬದಲಿಸಲಿಲ್ಲ. ನನಗೆ ಬೇಕಾದ ಅನುವಾದ ಅಲ್ಲೇ ಇತ್ತು. 'ಹ್ಯಾಂಗ್ ಇನ್ ದೇರ್' ಎಂದರೆ ಬಿಡಬೇಡ. ಆಡುವವರಿಗೆ ಹೇಳುವಾಗ ಒಂದು ಪದ ಸಾಕು, ಅದನ್ನು ಎಳೆದು 'ಧೃತಿಗೆಡದೆ ಮುಂದುವರಿಯಿರಿ' ಎಂದು ಮಾಡಬೇಡಿ.

'ಪೆಪ್ ಟಾಕ್'ನ ಪೆಪ್ ಎಂಬುದು ಪೆಪ್ಪರ್ ಎಂಬುದರ ತುಂಡು. ಹಾಗೆಂದು ಕನ್ನಡದಲ್ಲಿ ಖಾರ ತರಬೇಡಿ. ನಮ್ಮಲ್ಲಿ ಖಾರವಾಗಿ ಮಾತಾಡುವುದೆಂದರೆ ಚುಚ್ಚಿ ಮಾತಾಡುವುದು. 'ಕೋಚ್ ಹುರಿದುಂಬಿಸಿದರು' ಎನ್ನಿ. ಹುರಿ ಎಂದರೆ ಹಗ್ಗದ ಹೊಸೆತ. ಸಡಿಲವಾದದ್ದು ಮತ್ತೆ ಬಿಗಿಯಾಯಿತು ಎಂಬ ಚಿತ್ರ ಆ ಪದದಲ್ಲೇ ಇದೆ. 'ಶಾಟ್ ಇನ್ ದಿ ಆರ್ಮ್'ಗೆ ತೋಳೂ ಬೇಡ, ಸೂಜಿಯೂ ಬೇಡ: 'ತಂಡಕ್ಕೆ ಆನೆಬಲ ಬಂತು.' ಶಹಬ್ಬಾಸ್ ಎಂದು ಬರೆಯಲು ಕೆಲವರು ಹಿಂದೆಮುಂದೆ ನೋಡುತ್ತಾರೆ, ಪಾರ್ಸಿ ಪದವೆಂದು. ಸಂತೋಷವಾಗಿರು ಎಂಬ ಹರಕೆಯಿಂದ ಬಂದ ಪದ ಅದು. ಇಲ್ಲಿನ ತಮಿಳರು ಸಬಾಷ್ ಎನ್ನುತ್ತಾರೆ, ಧಾರವಾಡದ ಅಜ್ಜ ಶಾಬಾಸ್ ಎನ್ನುತ್ತಾನೆ. ಧಾರಾಳವಾಗಿ ಬಳಸಿ.

ಹಗ್ಗದ ಮೇಲಿನ ಕೈ

ತೇರು ಎಳೆಯುವವರು, ದಿಮ್ಮಿ ಎತ್ತುವವರು ಹೈಲೇಸಾ ಎನ್ನುವಾಗ, ಭತ್ತ ಕುಟ್ಟುವ ಹೆಂಗಸರು ಸುವ್ವಿ ಎನ್ನುವಾಗ, ಕೂಗಿದವರ ಕೈಯೂ ಕೆಲಸದಲ್ಲೇ ಇರುತ್ತದೆ. ಪಂಜಾಬಿಯ 'ಚಕ್ ದೇ'ಯೂ ಎತ್ತು ಎಂಬ ಕೂಗೇ. 2007ರ ಆಗಸ್ಟಿನಲ್ಲಿ ಆ ಹೆಸರಿನ ಹಾಕಿ ಸಿನಿಮಾ ಬಂತು, ಸೆಪ್ಟೆಂಬರಿನಲ್ಲಿ ಇದೇ ಎಗ್ಮೋರಿನ ಮೈದಾನದಲ್ಲಿ ಭಾರತ ಕೊರಿಯಾವನ್ನು 7-2ರಿಂದ ಸೋಲಿಸಿ ಏಷ್ಯಾ ಕಪ್ ಎತ್ತಿತು. ಇನ್ನೊಂದು ಸಂಗತಿ: 'ಇನ್ಸೆಂಟಿವ್' ಎಂಬ ಒಣ ಇಂಗ್ಲಿಷ್ ಪದ ಲ್ಯಾಟಿನ್ನಿನಲ್ಲಿ ಹಾಡಿಗೆ ರಾಗ ಎತ್ತಿಕೊಡುವುದು ಎಂಬುದರಿಂದ ಹುಟ್ಟಿದ್ದು. ಈಗ ಅದರಲ್ಲಿ ಹಾಡು ಉಳಿದಿಲ್ಲ, ದುಡ್ಡಿದೆ.

ಆ ದುಡ್ಡಿನ ವಿಷಯದಲ್ಲಿ ಎಚ್ಚರ. ಕರ್ನಾಟಕದಲ್ಲಿ ಕ್ಷೀರಧಾರೆ ಯೋಜನೆಯಡಿ ಹಾಲು ಹಾಕುವವರಿಗೆ ಲೀಟರಿಗೆ 5 ರೂಪಾಯಿ ಸರ್ಕಾರ ಕೊಡುವುದನ್ನು ಪ್ರೋತ್ಸಾಹಧನ ಎನ್ನುತ್ತಾರೆ. ಆ ಪದ ಅಲ್ಲಿ ಸರಿಯಾಗಿ ಕೂತಿದೆ: ಹಾಲಿನ ಬೆಲೆ ಬೇರೆ, ಇದು ಅದರ ಮೇಲೆ. ಆದರೆ ಓವರ್‌ಟೈಮಿನ ದುಡ್ಡನ್ನು, ಬಾಕಿ ಸಂಬಳವನ್ನು ಪ್ರೋತ್ಸಾಹಧನ ಎಂದು ಕರೆದ ಪತ್ರಗಳೂ ನಮ್ಮಲ್ಲಿಗೆ ಬಂದಿವೆ. ದುಡಿದು ಗಳಿಸಿದ್ದು ಕೂಲಿ, ಸಂಬಳ. ಅದನ್ನು ಪ್ರೋತ್ಸಾಹ ಎಂದು ಬರೆಯಬೇಡಿ. ಕಳಿಸಿದವರು ಒತ್ತಾಯಿಸಿದರೆ ನನ್ನ ಹತ್ತಿರ ತನ್ನಿ.

'ಗೋ ದಿ ಎಕ್ಸ್‌ಟ್ರಾ ಮೈಲ್' ಇದೇ ಜಾತಿಯದು. ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಇದರ ಬೇರಿದೆ. ಯಾರಾದರೂ ಬಲವಂತದಿಂದ ಒಂದು ಮೈಲಿ ನಡೆಸಿದರೆ ನೀನು ಎರಡು ಮೈಲಿ ನಡೆ ಎಂಬ ಉಪದೇಶ. ರೋಮಿನ ಆಳ್ವಿಕೆಯಲ್ಲಿ ದಾರಿಹೋಕರನ್ನು ಹಿಡಿದು ಹೊರೆ ಹೊರಿಸುತ್ತಿದ್ದ ಕಾಲದ ಮಾತದು, ನಮ್ಮ ಬಿಟ್ಟಿ ಚಾಕರಿಯ ಹಾಗೆ. ತಾನಾಗಿ ಎರಡನೆಯ ಮೈಲಿ ನಡೆಯುವವರ ದೊಡ್ಡತನ ಒಂದು. ನೌಕರರಿಗೆ ಹೊರಡಿಸಿದ ಸುತ್ತೋಲೆಯಲ್ಲಿ ಆ ಮಾತು ಕೂತಾಗ ಅದರ ಅರ್ಥ ಇನ್ನೊಂದು. ಒಮ್ಮೆ ಅಂಥ ಸುತ್ತೋಲೆ ಬಂದಾಗ ಅದರ ಅರ್ಥವೇನೆಂದು ಫೋನಿನಲ್ಲಿ ಕೇಳಿದೆ. ಶಿಫ್ಟ್ ಮುಗಿದ ಮೇಲೂ ಎಂಟು ಗಂಟೆಯ ತನಕ ಇರಬೇಕು ಎಂದರು. ಹಾಗೇ ಬರೆದೆ: 'ಶಿಫ್ಟ್ ಮುಗಿದ ಮೇಲೂ ಎಂಟು ಗಂಟೆಯ ತನಕ ಇರಬೇಕು.' ಅದನ್ನು ಕನ್ನಡದಲ್ಲಿ ಓದಿದ ಅವರೇ ಆ ಸಾಲನ್ನು ತೆಗೆಸಿದರು. ನೀವೂ ಹಾಗೇ ಕೇಳಿ, ಹಾಗೇ ಬರೆಯಿರಿ.

ಉಳಿದವು, ಬೇಗಬೇಗನೆ

'ಡ್ಯಾಂಗಲ್ ಎ ಕ್ಯಾರಟ್' ಎಂದರೆ ಮೂಗಿಗೆ ತುಪ್ಪ ಸವರುವುದು. ವಾಸನೆ ಉಂಟು, ನಾಲಿಗೆಗೆ ಎಟುಕುವುದಿಲ್ಲ. ಆದರೆ ಕೊಟ್ಟೇ ಕೊಡುವ ಬಹುಮಾನಕ್ಕೆ ಈ ಮಾತು ಸಲ್ಲದು. 'ಕ್ಯಾರಟ್ ಅಂಡ್ ಸ್ಟಿಕ್'ಗೆ ಗಜ್ಜರಿ, ಕೋಲು ಎರಡೂ ಬೇಡ. ಆಸೆ ತೋರಿಸಿ, ಅಂಜಿಸಿ ಎಂದರೆ ಸಾಕು.

'ಪುಲ್ ಅಪ್ ಯುವರ್ ಸಾಕ್ಸ್' ದೊಡ್ಡವರಿಗಾದರೆ ಟೊಂಕ ಕಟ್ಟಿ ನಿಲ್ಲಿ. ಮಕ್ಕಳಿಗಾದರೆ ಇನ್ನು ಮೈಬಗ್ಗಿಸಿ ಓದು.

'ಬಟರ್ ಅಪ್' ನಮ್ಮ ಬೆಣ್ಣೆ ಹಚ್ಚುವುದೇ, ಹೊಗಳಿ ಅಟ್ಟಕ್ಕೇರಿಸುವುದು. ಅದನ್ನು ಮೆಚ್ಚುಗೆಯ ಜೊತೆ ಬೆರೆಸಬೇಡಿ. 12ನೆಯ ಶತಮಾನದಲ್ಲೇ ಬಸವಣ್ಣ ಹೊಗಳಿಕೆಯನ್ನು ಹೊನ್ನಶೂಲ ಎಂದು ಕರೆದಿದ್ದಾರೆ.

'ಡಿಮಾರಲೈಸ್' ಎಂಬುದಕ್ಕೆ ನೈತಿಕ ಸ್ಥೈರ್ಯ ಕುಗ್ಗಿಸು ಎಂದು ಉದ್ದಕ್ಕೆ ಬರೆಯುತ್ತೀರಿ. ಎದೆಗುಂದಿಸು ಇದೆ. ಎದುರಿಗಿದ್ದು ಮಾತಿನಿಂದಲೇ ಒಬ್ಬರ ಹುರುಪನ್ನು ಹಿಂಡುವುದಾದರೆ ತೇಜೋವಧೆ ಇದೆ. ಕರ್ಣನ ಸಾರಥಿಯಾಗಿ ಕೂತ ಶಲ್ಯ ಮಾಡಿದ್ದು ಅದನ್ನೇ. ಇದಕ್ಕೆ ತಿರುಗಾಮುರುಗಾ ಜಾಂಬವಂತ. ಅವನು ಹನುಮಂತನಿಗೆ ಆಸೆಯನ್ನೂ ತೋರಿಸಲಿಲ್ಲ, ಬೆದರಿಸಲೂ ಇಲ್ಲ. ಮರೆತಿದ್ದ ಶಕ್ತಿಯನ್ನು ನೆನಪು ಮಾಡಿಕೊಟ್ಟ. ತರಬೇತಿ ಪುಸ್ತಿಕೆಗಳಲ್ಲಿ 'ಎಂಪವರ್' ಬಂದಾಗಲೆಲ್ಲ ಸಬಲೀಕರಣ ಎಂದು ಮುದ್ರೆ ಒತ್ತುವ ಮೊದಲು ಜಾಂಬವಂತನನ್ನು ಒಮ್ಮೆ ನೆನೆಯಿರಿ. ಎಷ್ಟೋ ಕಡೆ 'ನಿಮಗೆ ಬರುತ್ತದೆ, ನೀವೇ ಮಾಡಿ' ಎಂದರೆ ಆಗುತ್ತದೆ.

ಯಾರನ್ನು ಹೇಗೆ ಕರೆಯುವುದು

ಇಂಗ್ಲಿಷಿನ 'ಯೂ' ಎಲ್ಲರಿಗೂ ಒಂದೇ. ಕನ್ನಡದಲ್ಲಿ ನೀನು, ನೀವು ತಪ್ಪಿದರೆ ಹುರಿದುಂಬಿಸುವ ಮಾತು ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ಹೊಲಿಗೆಯವಳಿಗೆ ನೀವು. ವಯಸ್ಸು ಎಷ್ಟೇ ಇರಲಿ. ಶಾಲೆಯ ಮಕ್ಕಳಿಗೆ ನೀನು, ಅದರಲ್ಲಿ ಸಲಿಗೆ ಇದೆ. ಧ್ವನಿಮುದ್ರಣಕ್ಕೆ ಬರೆಯುವಾಗ ನಿಮ್ಮ ನಿಮ್ಮ ಊರಿನ ಮಾತನ್ನು ತನ್ನಿ. ಕರಾವಳಿಗೆ ಹೋಗುವುದಾದರೆ 'ಹೆದರಬೇಡ ಮಾರಾಯ', ಹುಬ್ಬಳ್ಳಿ ಕಡೆಗಾದರೆ 'ಹಿಂದ ಸರೀಬ್ಯಾಡ ತಮ್ಮಾ'. ಬೆಂಗಳೂರಿನ ಕನ್ನಡ ಎಲ್ಲರ ಬೆನ್ನನ್ನೂ ತಟ್ಟಲಾರದು.

ಪದ ಸಿಗದಿದ್ದರೆ ಫೋನಿನ ಅನುವಾದದ ಆ್ಯಪಿಗೆ ಬೀಳಬೇಡಿ. ಪಾಂಥಿಯನ್ ರಸ್ತೆಯಲ್ಲಿ ಕನ್ನೆಮರಾ ಗ್ರಂಥಾಲಯವಿದೆ, 1896ರಲ್ಲಿ ತೆರೆದದ್ದು. ದೇಶದಲ್ಲಿ ಅಚ್ಚಾಗುವ ಪುಸ್ತಕಗಳ ಒಂದೊಂದು ಪ್ರತಿ ಕಾನೂನಿನ ಪ್ರಕಾರ ಬಂದು ಸೇರಬೇಕಾದ ಗ್ರಂಥಾಲಯಗಳಲ್ಲಿ ಅದೂ ಒಂದು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ತೆರೆದು ಕೂರಿ. ಹೋಗಿಬರುವ ಹೊತ್ತನ್ನು ಕೆಲಸದ ಹೊತ್ತಿಗೇ ಸೇರಿಸಿ ಬರೆದುಕೊಳ್ಳಿ.

ಮುಗಿಸಿದ ಪುಟವನ್ನು ಗಟ್ಟಿಯಾಗಿ ಓದಿ. ಅದನ್ನು ಕೇಳಬೇಕಾದವರಂಥ ಒಬ್ಬರ ಎದುರು ಓದಿದರೆ ಇನ್ನೂ ಒಳ್ಳೆಯದು. ಅವರು ಬೆರಳಿಟ್ಟ ಕಡೆ ತಿದ್ದಿ, ವಾದ ಮಾಡಬೇಡಿ.

ಈ ವಾರದ ಕೆಲಸ: ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆಯ ಬೆಳಿಗ್ಗೆ ಫೋನಿಗೆ ಹೋಗುವ ಸಂದೇಶ. ಇಂಗ್ಲಿಷಿನಲ್ಲಿ 'ಯೂ ಹ್ಯಾವ್ ಗಾಟ್ ದಿಸ್' ಎಂದಿದೆ. 'ನೀನು ಇದನ್ನು ಪಡೆದಿದ್ದೀಯ' ಎಂದು ಕಳಿಸಿದವರ ಕರಡನ್ನು ಹಿಂದಿರುಗಿಸಿದ್ದೇನೆ. 'ನಿನ್ನಿಂದ ಸಾಧ್ಯ' ಎಂದವರದ್ದು ತಪ್ಪಲ್ಲ, ಆದರೆ ಅದು ಗೋಡೆಯ ಮೇಲಿನ ಪೋಸ್ಟರು. ಹೊಸ್ತಿಲಲ್ಲಿ ಹಾಲ್ ಟಿಕೆಟ್ ಹಿಡಿದು ನಿಂತ ಮಗುವಿಗೆ ಮನೆಯವರು ಹೇಳುವುದನ್ನು ಬರೆಯಿರಿ: 'ಓದಿದ್ದೀಯಲ್ಲ, ಹೆದರಬೇಡ. ಹೋಗಿ ಬರೆದು ಬಾ.' ಇಂಗ್ಲಿಷಿಗಿಂತ ಉದ್ದವಾಯಿತು, ತೆರೆಯ ಮೇಲೆ ಹಿಡಿಸುವುದಿಲ್ಲ ಎಂದು ಯಾರಾದರೂ 'ಬಾ' ಎಂಬುದನ್ನು ಕತ್ತರಿಸಲು ಬಂದರೆ ಒಪ್ಪಬೇಡಿ, ನನ್ನ ಹತ್ತಿರ ಕಳಿಸಿ.